ಕತ್ತಲಲ್ಲಿ ಒಬ್ಬರೇ ಓಡುವವರ ಪರವಾಗಿ, ದಾರಿ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ರಸ್ತೆ, ಬೀದಿದೀಪ, ಕಾಲುದಾರಿ, ಉದ್ಯಾನಗಳ ಹೊಣೆ ಹೊತ್ತ ಅಧಿಕಾರಿಗಳಿಗೆ;
ಜೊತೆಗೆ, ಚಳಿಗಾಲದ ರಾತ್ರಿ ಶೂ ಲೇಸು ಬಿಗಿದುಕೊಂಡು ಒಬ್ಬರೇ ಹೊರಡುವ ಎಲ್ಲರಿಗೂ

ಮಾನ್ಯರೇ,

ಹಿಮ ಬೀಳುವ ಉತ್ತರದ ನಾಡುಗಳಲ್ಲಿ ಚಳಿಗಾಲ ಶುರುವಾದರೆ ಸಾಕು, ಎಚ್ಚರಿಕೆಯ ಪ್ರಕಟಣೆಗಳಲ್ಲೆಲ್ಲ ಒಂದೇ ಮಾತು: ‘ಕತ್ತಲಾದ ಮೇಲೆ ಒಬ್ಬರೇ ಓಡಲು ಹೋಗಬೇಡಿ.’ ಹೇಳುವವರ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮಾತು ಪಾಲಿಸಹೊರಟರೆ ಎಷ್ಟೋ ಜನ ವರ್ಷದಲ್ಲಿ ನಾಲ್ಕು ತಿಂಗಳು ಓಡುವಂತೆಯೇ ಇಲ್ಲ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲು ಪೂರ್ತಿ 6 ಗಂಟೆಯೂ ಇರುವುದಿಲ್ಲ. 50 ಡಿಗ್ರಿಯಲ್ಲಿ ಅದು 8 ಗಂಟೆ ಮುಟ್ಟುತ್ತದೆ, ಅಷ್ಟೇ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗಲೂ ಕತ್ತಲು, ಸಂಜೆ ಮರಳುವಾಗಲೂ ಕತ್ತಲು. ಜೊತೆಗಾರರು ಸಿಕ್ಕರೆ ವಾರಕ್ಕೊಂದು ದಿನ. ಉಳಿದ ದಿನಗಳಲ್ಲಿ ಚಳಿ, ಕತ್ತಲು, ಒಂಟಿತನ ಮೂರನ್ನೂ ಒಟ್ಟಿಗೇ ಎದುರಿಸಬೇಕು. ಹೋಗಬೇಡಿ ಎನ್ನುವ ಸಲಹೆ ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ.

ನಾವು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಚಳಿಗಾಲದ ರಾತ್ರಿ ಓಟಗಾರರಿಗೆ ನಿಜವಾದ ಅಪಾಯ ಓಡುತ್ತಿರುವಾಗ ಇರುವುದಕ್ಕಿಂತ, ಓಟ ನಿಂತ ಗಳಿಗೆಯಲ್ಲಿ ಹೆಚ್ಚು. ಹಿಮಗಟ್ಟಿದ ನೆಲದಲ್ಲಿ ಪಾದ ಮಡಚಿಕೊಳ್ಳುತ್ತದೆ. ಟಾರ್ಚಿನ ಬ್ಯಾಟರಿ ಮುಗಿಯುತ್ತದೆ. ಯಾರೋ ಅಡ್ಡಗಟ್ಟುತ್ತಾರೆ. ಇಲ್ಲವೇ ದಾರಿ ತಪ್ಪುತ್ತದೆ. ಕಾರಣ ಯಾವುದಾದರೂ ಆಗಲಿ, ಕಾಲು ನಿಂತ ಕೂಡಲೇ ಲೆಕ್ಕವೆಲ್ಲ ಬದಲಾಗುತ್ತದೆ. ಓಟಗಾರರು ಸಿದ್ಧತೆ ಮಾಡಿಕೊಳ್ಳಬೇಕಾದದ್ದು ಆ ಗಳಿಗೆಗೆ. ನೀವು ದಾರಿಯನ್ನು ಪರೀಕ್ಷಿಸಬೇಕಾದದ್ದೂ ಅಲ್ಲಿ ನಿಂತುಬಿಟ್ಟವರ ಕಣ್ಣಿನಿಂದ.

ಅಂಕಿಗಳಲ್ಲೇ ನೋಡಿ. 70 ಕಿಲೋ ತೂಕದವರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅವರ ದೇಹ ಸುಮಾರು 800 ವಾಟ್ ಶಕ್ತಿ ಖರ್ಚು ಮಾಡುತ್ತದೆ. ಅದರ ಮುಕ್ಕಾಲು ಪಾಲು, ಅಂದರೆ 600 ವಾಟ್‌ನಷ್ಟು, ಬರೀ ಶಾಖವಾಗಿ ಹೊರಬೀಳುತ್ತದೆ. ಕೋಣೆ ಬೆಚ್ಚಗಿಡುವ ಸಣ್ಣ ಹೀಟರೊಂದನ್ನು ಹೊಟ್ಟೆಯೊಳಗೆ ಹೊತ್ತು ಓಡಿದಂತೆ. ಅದೇ ವ್ಯಕ್ತಿ ಸುಮ್ಮನೆ ನಿಂತರೆ ಹುಟ್ಟುವ ಶಾಖ 100 ವಾಟ್ ಮಾತ್ರ. ಒಳಗಿನ ಬೆಂಕಿ ಆರನೇ ಒಂದು ಪಾಲಿಗೆ ಇಳಿದಿದೆ, ಮೈಮೇಲಿನ ಬಟ್ಟೆ ಬೆವರಿನಿಂದ ತೊಯ್ದಿದೆ, ಗಾಳಿ ಹಾಗೇ ಬೀಸುತ್ತಿದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಓಡುವಾಗ ಹಿತವಾಗಿದ್ದ ಒದ್ದೆ ಅಂಗಿ ನಿಂತ ಐದು ನಿಮಿಷಕ್ಕೆ ಮೈಯ ಶಾಖ ಹೀರತೊಡಗುವುದು ಇದಕ್ಕೇ. ಪಾದರಸ ಶೂನ್ಯಕ್ಕಿಂತ ಕೆಳಗಿಳಿಯಲೇಬೇಕೆಂದಿಲ್ಲ. ಮಳೆ, ಗಾಳಿ ಜೊತೆಗೂಡಿದರೆ 5 ಡಿಗ್ರಿಯಲ್ಲೂ ಕುಂಟುತ್ತಾ ಬರುವವರ ದೇಹ ಅಪಾಯದ ಮಟ್ಟಕ್ಕೆ ತಣ್ಣಗಾಗಬಲ್ಲದು.

ಆದ್ದರಿಂದ ಓಟಗಾರರೇ, ಮೊದಲು ದಾರಿಯ ಆಕಾರ ಸರಿಮಾಡಿಕೊಳ್ಳಿ. 10 ಕಿಲೋಮೀಟರ್ ಓಡಬೇಕೆಂದು 5 ಹೋಗಿ 5 ಬರುವ ದಾರಿ ಹಿಡಿದರೆ, ತುತ್ತತುದಿಯಲ್ಲಿ ಕಾಲು ಉಳುಕಿದಾಗ ಒದ್ದೆ ಬಟ್ಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಕುಂಟಬೇಕಾಗುತ್ತದೆ. ಅದೇ 10 ಕಿಲೋಮೀಟರನ್ನು ಮನೆಯ ಸುತ್ತ ಎರಡೂವರೆ ಕಿಲೋಮೀಟರಿನ ನಾಲ್ಕು ಸುತ್ತಾಗಿ ಓಡಿ. ಎಲ್ಲಿ ಬಿದ್ದರೂ ಬಾಗಿಲು ಹೆಚ್ಚೆಂದರೆ ಒಂದೂಕಾಲು ಕಿಲೋಮೀಟರ್ ದೂರದಲ್ಲಿರುತ್ತದೆ. ಒಂದೇ ದಾರಿ ಸುತ್ತಿ ಬೇಸರ ಬರುತ್ತದೆ, ನಿಜ. ಆದರೆ ಮೊದಲ ಸುತ್ತಿನಲ್ಲಿ ಕಂಡ ಹಿಮದ ತೇಪೆ, ಕೆಟ್ಟ ದೀಪ, ನಿಂತ ಕಾರು ಎರಡನೆಯ ಸುತ್ತಿನಲ್ಲಿ ನಿಮಗೆ ಮೊದಲೇ ಗೊತ್ತಿರುತ್ತವೆ. ಕತ್ತಲಲ್ಲಿ ಆ ತಿಳಿವಳಿಕೆಗೆ ಬಹಳ ಬೆಲೆಯಿದೆ.

ಗಾಳಿ ಜೋರಿದ್ದ ದಿನ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗಿರಲಿ. ತಿರುಗುಮುರುಗು ಮಾಡಿದರೆ ಮೈ ಪೂರ್ತಿ ಬೆವೆತ ಹೊತ್ತಿಗೆ ಸರಿಯಾಗಿ ಎದುರುಗಾಳಿ ಸಿಗುತ್ತದೆ. ಗಾಳಿಯಿಂದ ಚಳಿ ಎಷ್ಟು ಹೆಚ್ಚೆನಿಸುತ್ತದೆಂದು ಲೆಕ್ಕಹಾಕಲು ಅಮೆರಿಕ ಮತ್ತು ಕೆನಡಾ 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ ಶೂನ್ಯ ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿಯಿದ್ದರೆ ಮುಖಕ್ಕೆ ತಟ್ಟುವುದು ಮೈನಸ್ 6ಕ್ಕೂ ಮಿಕ್ಕಿದ ಚಳಿ. ಮೈನಸ್ 10ರಲ್ಲಿ ಅದೇ ಗಾಳಿ ಬೀಸಿದರೆ ಮೈನಸ್ 20ರ ಹತ್ತಿರ. ಈ ಲೆಕ್ಕ ಮೈನಸ್ 27ರ ಸುಮಾರಿಗೆ ಇಳಿದರೆ ಮುಚ್ಚದೆ ಬಿಟ್ಟ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು, ಅಂದು ಹೊರಗೆ ಓಡುವುದು ಬೇಡ. ಗಾಳಿ ಎಷ್ಟೇ ಜೋರಿರಲಿ, ಉಷ್ಣಾಂಶ ಶೂನ್ಯಕ್ಕಿಂತ ಮೇಲಿದ್ದರೆ ಚರ್ಮ ಹೆಪ್ಪುಗಟ್ಟುವುದಿಲ್ಲ. ಮೈ ಒಳಗಿನ ಶಾಖ ಸೋರಿಹೋಗುವುದು ಮಾತ್ರ ಆಗಲೂ ತಪ್ಪುವುದಿಲ್ಲ.

ಬಟ್ಟೆಯ ವಿಚಾರ ಬಹುಪಾಲು ಜನಕ್ಕೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇವೆ. ಥರ್ಮಾಮೀಟರ್ ತೋರಿಸಿದ್ದಕ್ಕೆ 10 ಡಿಗ್ರಿ ಸೇರಿಸಿ, ಅಷ್ಟು ಸೆಖೆಗೆ ತಕ್ಕಂತೆ ಉಡಿ. ಮೊದಲ ಹತ್ತು ನಿಮಿಷ ಸಣ್ಣಗೆ ಚಳಿ ಹತ್ತಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡನೇ ಕಿಲೋಮೀಟರಿಗೆ ಬೆವರಿನಲ್ಲಿ ತೊಯ್ದುಹೋಗುತ್ತೀರಿ. ಮೈಗೆ ತಾಗುವ ಪದರ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದಿರಲಿ, ಹತ್ತಿ ಬೇಡ. ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನದು ಗಾಳಿ ತಡೆಯಲಿ. ಬೆರಳುಗಳಿಗೆ ಬಿಡಿ ಬಿಡಿ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್ ಹೆಚ್ಚು ಬೆಚ್ಚಗೆ. ಕಾಲಿಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಶೂ ಬಿಗಿಯಾಗಿ ರಕ್ತ ಓಡಾಟ ತಗ್ಗುತ್ತದೆ, ಪಾದ ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ ಉಣ್ಣೆಯದು ಸಾಕು. ಮುಖಕ್ಕೆ ವ್ಯಾಸಲೀನ್ ಬಳಿದರೆ ಹಿಮಗಡಿತ ತಪ್ಪುತ್ತದೆಂದು ನಂಬಿದವರಿದ್ದಾರೆ. ತಪ್ಪುವುದಿಲ್ಲ. ಕುತ್ತಿಗೆಯ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಳ್ಳಿ. ಉಸಿರಿನ ಗಾಳಿ ಬೆಚ್ಚಗೂ ತೇವವಾಗಿಯೂ ಒಳಗೆ ಹೋಗುತ್ತದೆ. ಆಸ್ತಮಾ ಇದ್ದವರಿಗೆ, ಚಳಿಯಲ್ಲಿ ಎದೆ ಹಿಡಿದುಕೊಳ್ಳುವವರಿಗೆ ಇದು ತೀರಾ ಅಗತ್ಯ. ಇನ್ಹೇಲರನ್ನು ಹೊರಜೇಬಿನಲ್ಲಿಡದೆ ಮೈಗೆ ತಾಗಿದ ಒಳಜೇಬಿನಲ್ಲಿಡಿ, ತಣ್ಣಗಾದರೆ ಅದರಿಂದ ಮದ್ದು ಸರಿಯಾಗಿ ಹೊರಬರುವುದಿಲ್ಲ.

ನಿಂತಾಗ ಬೇಕಾಗುವ ವಸ್ತುಗಳು ಬೇರೆ. ಸೊಂಟದ ಸಣ್ಣ ಚೀಲದಲ್ಲಿ ಒಂದು ತೆಳು ಗಾಳಿತಡೆ ಜಾಕೆಟ್, ಒಂದು ಜೊತೆ ಒಣ ಗ್ಲೌಸು, ಹೊಳೆಯುವ ತೆಳು ತುರ್ತು ಹೊದಿಕೆ, ಒಂದು ಸೀಟಿ, ಎರಡನೆಯ ಪುಟ್ಟ ದೀಪ. ಇವೆಲ್ಲ ಸೇರಿ ಅರ್ಧ ಕಿಲೋ ತೂಗುವುದಿಲ್ಲ. ತುರ್ತು ಹೊದಿಕೆಯನ್ನು ಎಷ್ಟೋ ಜನ ತಪ್ಪಾಗಿ ಬಳಸುತ್ತಾರೆ. ಜಾಕೆಟ್ಟಿನ ಮೇಲೆ ಹೊದ್ದರೆ ಅದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಹರಿಯುತ್ತದೆ, ಒಳಗಿನ ಬಿಸಿಗಾಳಿಯನ್ನೆಲ್ಲ ಹೊರಗೆ ತಳ್ಳುತ್ತದೆ. ಅದನ್ನು ಎದೆ ಬೆನ್ನಿಗೆ ಸುತ್ತಿ, ಮೇಲೆ ಜಾಕೆಟ್ ತೊಟ್ಟು ಜಿಪ್ ಎಳೆಯಿರಿ. ಸೀಟಿ ಒಳಗೆ ಗುಂಡು ಇಲ್ಲದ್ದಾಗಿರಲಿ. ಗುಂಡಿರುವ ಸೀಟಿಯಲ್ಲಿ ಎಂಜಲು ಹೆಪ್ಪುಗಟ್ಟಿದರೆ ಸದ್ದೇ ಬರುವುದಿಲ್ಲ. ಬೆಟ್ಟದ ದಾರಿಗಳಲ್ಲಿ ಬಳಸುವ ಆಪತ್ತಿನ ಸಂಕೇತವೆಂದರೆ ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ನಿಲ್ಲಿಸುವುದು, ಮತ್ತೆ ಆರು ಸಲ. ಕೇಳಿದವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಒಬ್ಬರೇ ಇರುವಾಗ ಇದನ್ನು ಗುರುತಿಸುವುದೇ ಕಷ್ಟ, ಏಕೆಂದರೆ ಗುರುತಿಸಬೇಕಾದ ತಲೆಯೇ ಮೊದಲು ಮಂಕಾಗುತ್ತದೆ. ಒಂದು ಸುಲಭ ಪರೀಕ್ಷೆಯಿದೆ: ಹೆಬ್ಬೆರಳ ತುದಿಯನ್ನು ಅದೇ ಕೈಯ ಕಿರುಬೆರಳ ತುದಿಗೆ ಮುಟ್ಟಿಸಿ. ಮುಟ್ಟಿಸಲಾಗದಿದ್ದರೆ, ಜಿಪ್ ಹಿಡಿಯಲಾಗದಿದ್ದರೆ, ಮಾತು ತೊದಲಿದರೆ, ಕಾಲು ತಡವರಿಸಿದರೆ ಓಟ ಮುಗಿಯಿತು. ಆಗಲೇ ಫೋನ್ ಮಾಡಿ, ಹತ್ತಿರದ ಬೆಚ್ಚನೆ ಬಾಗಿಲು ಬಡಿಯಿರಿ. ಜೋರಾಗಿ ನಡುಗುತ್ತಿದ್ದ ಮೈ ಬಿಸಿಯಾಗದೆಯೇ ನಡುಕ ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ಆಂಬುಲೆನ್ಸ್ ಕರೆಯಬೇಕಾದ ಸ್ಥಿತಿ. ಕಿವಿ, ಮೂಗು, ಬೆರಳ ತುದಿ ಬಿಳಚಿಕೊಂಡು ಮರಗಟ್ಟಿದ್ದರೆ ತಿಕ್ಕಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಬೆರಳಾದರೆ ಕಂಕುಳಲ್ಲಿಟ್ಟುಕೊಳ್ಳಿ. ಮನೆಯಲ್ಲಾದರೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರು. ನೀರು ಎಷ್ಟು ಬಿಸಿಯಿದೆಯೆಂದು ಮರಗಟ್ಟಿದ ಕೈಯಿಂದ ನೋಡಬೇಡಿ, ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ.

ಇನ್ನು ಕತ್ತಲಿನ ಮಾತು. ಇಲ್ಲಿ ಓಟಗಾರರೂ ತಪ್ಪುತ್ತಾರೆ, ಅಧಿಕಾರಿಗಳೂ ತಪ್ಪುತ್ತಾರೆ. ಇಬ್ಬರ ತಪ್ಪಿಗೂ ಮೂಲ ಒಂದೇ: ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ.

ಹಣೆಗೆ ಕಟ್ಟುವ ಹೆಡ್‌ಲ್ಯಾಂಪನ್ನೇ ತೆಗೆದುಕೊಳ್ಳಿ. ನೆಲದ ಮೇಲಿನ ಕಲ್ಲು, ಗುಂಡಿ, ಬೇರು ನಮ್ಮ ಕಣ್ಣಿಗೆ ಬೀಳುವುದು ಅವುಗಳ ನೆರಳಿನಿಂದ. ದೀಪ ಕಣ್ಣಿನ ಪಕ್ಕದಲ್ಲೇ ಇದ್ದರೆ ನೆರಳು ವಸ್ತುವಿನ ಹಿಂದೆ, ನಮಗೆ ಕಾಣದ ಕಡೆ ಬೀಳುತ್ತದೆ. 400 ಲ್ಯೂಮೆನ್ (ದೀಪ ಹೊರಸೂಸುವ ಬೆಳಕಿನ ಅಳತೆ) ಸುರಿದರೂ ನೆಲ ಚಾಪೆ ಹಾಸಿದಂತೆ ಸಪಾಟಾಗಿ ತೋರುತ್ತದೆ. ಅದೇ ದೀಪವನ್ನು ಸೊಂಟಕ್ಕೆ ಕಟ್ಟಿ, ಇಲ್ಲವೇ ಕೈಯಲ್ಲಿ ಹಿಡಿಯಿರಿ. ಎರಡು ಸೆಂಟಿಮೀಟರಿನ ಉಬ್ಬಿಗೂ ಉದ್ದನೆಯ ಕರಿನೆರಳು ಮೂಡುತ್ತದೆ, ಹೆಜ್ಜೆ ತಾನಾಗಿಯೇ ಎತ್ತರವಾಗುತ್ತದೆ. ಚಳಿಗಾಲದಲ್ಲಿ ಇನ್ನೊಂದು ತೊಂದರೆಯೂ ಇದೆ. ಬಾಯಿಂದ ಹೊರಟ ಉಸಿರು ಹಬೆಯಾಗಿ ಸರಿಯಾಗಿ ಹಣೆದೀಪದ ಕಿರಣದೊಳಗೇ ಏರುತ್ತದೆ. ಪ್ರತಿ ಉಸಿರಿಗೂ ಕಣ್ಣ ಮುಂದೆ ಒಂದು ಬಿಳಿ ಪರದೆ. ಸೊಂಟದ ದೀಪಕ್ಕೆ ಈ ಕಾಟವಿಲ್ಲ. ಬೀದಿದೀಪವಿರುವ ದಾರಿಗೆ 100ರಿಂದ 200 ಲ್ಯೂಮೆನ್ ಸಾಕು, ದೀಪವೇ ಇಲ್ಲದ ಹಾದಿಗೆ 200ರಿಂದ 400. ಹಣೆದೀಪವೇ ಬೇಕೆನ್ನುವವರು ಕಿರಣವನ್ನು ಐದಾರು ಮೀಟರ್ ಮುಂದಿನ ನೆಲಕ್ಕೆ ಬಾಗಿಸಿ. ನೇರಕ್ಕೆ ಹಿಡಿದರೆ ಎದುರು ಬರುವ ಚಾಲಕರ ಕಣ್ಣು ಕುಕ್ಕುತ್ತದೆ, ಅವರಿಗೆ ಕಾಣದಂತಾದರೆ ಏಟು ನಿಮಗೇ.

ಬ್ಯಾಟರಿ ಚಳಿಗೆ ಸೊರಗುತ್ತದೆ. ಲಿಥಿಯಂ ಅಯಾನ್ ಕೋಶದೊಳಗಿನ ರಾಸಾಯನಿಕ ಕ್ರಿಯೆ ತಣ್ಣಗಾದಂತೆ ನಿಧಾನವಾಗಿ, ಒಳಗಿನ ರೋಧ ಏರುತ್ತದೆ. ಅರ್ಧ ಚಾರ್ಜ್ ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಆರಿಹೋಗುವುದು ಹೀಗೆ. ಫೋನನ್ನು ತೋಳಪಟ್ಟಿಯಲ್ಲಿಡದೆ ಒಳ ಅಂಗಿಯ ಮೇಲಿನ ಪದರದಲ್ಲಿಡಿ. ಸಾಮಾನ್ಯ ಆಲ್ಕಲೈನ್ ಸೆಲ್ ಹಾಕುವ ದೀಪವಾದರೆ ಚಾರ್ಜ್ ಮಾಡಲಾಗದ, ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಸೆಲ್ಲಿಗೆ ಬದಲಿಸಿ, ಅವು ಕಡುಚಳಿಯಲ್ಲೂ ತಾಳುತ್ತವೆ. ಮನೆಗೆ ಬಂದ ಕೂಡಲೇ ತಣ್ಣಗಿನ ದೀಪವನ್ನು ಚಾರ್ಜಿಗೆ ಹಾಕಬೇಡಿ. ಶೂನ್ಯಕ್ಕಿಂತ ಕೆಳಗಿರುವ ಕೋಶಕ್ಕೆ ವಿದ್ಯುತ್ ಕೊಟ್ಟರೆ ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಕೋಶ ಶಾಶ್ವತವಾಗಿ ಹಾಳಾಗುತ್ತದೆ.

ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಕೆಡಲು ಒಂದು ಗಳಿಗೆ ಸಾಕು. ಎದುರಿನ ಕಾರಿನ ದೀಪ ಕಣ್ಣಿಗೆ ಹೊಡೆದ ಮೇಲೆ ಮೂರು ಸೆಕೆಂಡು ಏನೂ ಕಾಣಲಿಲ್ಲವೆಂದುಕೊಳ್ಳಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಎಂಟು ಮೀಟರಿಗೂ ಹೆಚ್ಚು ದೂರ ಕುರುಡಾಗಿ ಓಡಿರುತ್ತೀರಿ. ವಾಹನ ಹತ್ತಿರವಾದಾಗ ದೀಪ ನೋಡದೆ ನಿಮ್ಮ ಬದಿಯ ರಸ್ತೆಯಂಚನ್ನು ನೋಡಿ, ವೇಗ ತಗ್ಗಿಸಿ, ಅಗತ್ಯವಿದ್ದರೆ ನಡೆಯಿರಿ. ಓಡುತ್ತಾ ಫೋನಿನ ಪರದೆ ನೋಡಿದರೂ ಇದೇ ಆಗುತ್ತದೆ. ಮಸುಕಾಗಿ ಕಂಡದ್ದನ್ನು ನೇರವಾಗಿ ದಿಟ್ಟಿಸುವ ಬದಲು ತುಸು ಪಕ್ಕಕ್ಕೆ ನೋಡಿ. ಕಣ್ಣಿನ ನಟ್ಟನಡುವೆ ಮಂದ ಬೆಳಕು ಗ್ರಹಿಸುವ ಕೋಶಗಳೇ ಇಲ್ಲ, ಅವಿರುವುದು ಸುತ್ತಲಿನ ಭಾಗದಲ್ಲಿ. ಕಣ್ಣು ಇಷ್ಟು ಬಡವಾದಾಗ ಕಿವಿಯನ್ನೂ ಮುಚ್ಚಿಕೊಳ್ಳಬೇಡಿ. ಇಯರ್‌ಫೋನ್ ಮನೆಯಲ್ಲೇ ಇರಲಿ.

ಕಾಣುವುದು ಒಂದಾದರೆ ಕಾಣಿಸಿಕೊಳ್ಳುವುದು ಇನ್ನೊಂದು. ಕಡುಬಣ್ಣದ ಬಟ್ಟೆಯವರು ಕಾರಿನ ತಗ್ಗುಬೆಳಕಿಗೆ 20ರಿಂದ 50 ಮೀಟರ್ ದೂರದಲ್ಲಿ ಮಾತ್ರ ಗೋಚರಿಸುತ್ತಾರೆ. ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪ್ರತಿಫಲಕ ತೊಟ್ಟರೆ 130 ಮೀಟರ್ ಆಚೆಯಿಂದಲೂ. ಈಗ ಚಾಲಕರ ಲೆಕ್ಕ: ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 17 ಮೀಟರ್ ಹತ್ತಿರ. ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಆಗಲೇ ಹೋಯಿತು, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರ್. ಹಿಮಗಟ್ಟಿದ ರಸ್ತೆಯಲ್ಲಿ ಆ 20 ಮೀಟರ್ ನೂರನ್ನೂ ದಾಟಬಹುದು. ಪ್ರತಿಫಲಕ ಅಲಂಕಾರದ ವಸ್ತುವಲ್ಲ ಎನ್ನುವುದು ಇದಕ್ಕೇ.

ಅದನ್ನು ಎಲ್ಲಿ ಕಟ್ಟಬೇಕೆನ್ನುವುದೂ ಮುಖ್ಯ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್‌ಸನ್ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆಗಳಿರುವ ಮನುಷ್ಯರ ಚಲನೆಯನ್ನು ಕತ್ತಲಲ್ಲಿ ತೋರಿಸಿದರು. ನೋಡಿದವರು ಕಣ್ಣು ಮಿಟುಕಿಸುವಷ್ಟರಲ್ಲಿ ‘ಮನುಷ್ಯ ನಡೆಯುತ್ತಿದ್ದಾನೆ’ ಎಂದು ಗುರುತಿಸಿದರು. 1973ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎದೆಯ ಮೇಲಿನ ಪ್ರತಿಫಲಕ ಚಾಲಕರ ಕಣ್ಣಿಗೆ ಬರೀ ಒಂದು ಹೊಳಪು, ಅದು ಫಲಕವೋ ಕಂಬವೋ ತಿಳಿಯದು. ಎರಡೂ ಕಾಲಗಿಣ್ಣು, ಎರಡೂ ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಏರಿಳಿಯುವ ಆ ನಾಲ್ಕು ಹೊಳಪು ಒಬ್ಬ ಮನುಷ್ಯನ ಆಕಾರ ತಾಳುತ್ತದೆ. ಒಂದೇ ವಸ್ತು ಕೊಳ್ಳುವಷ್ಟು ಅನುಕೂಲವಿದ್ದರೆ ವೆಸ್ಟಿಗಿಂತ ಮೊದಲು ಕಾಲಗಿಣ್ಣಿನ ಪಟ್ಟಿ ಕೊಳ್ಳಿ. ಕಣ್ಣು ಕೋರೈಸುವ ಹಳದಿ, ಕಿತ್ತಳೆ ಬಣ್ಣಗಳು ಹೊಳೆಯುವುದು ಹಗಲಿನ ಅತಿನೇರಳೆ ಕಿರಣದಿಂದ, ರಾತ್ರಿ ಅವುಗಳಿಗೆ ಆ ಶಕ್ತಿಯಿಲ್ಲ. ಪ್ರತಿಫಲಕ ಕೂಡ ಕಾರಿನ ದೀಪ ನಿಮ್ಮತ್ತ ತಿರುಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಅಡ್ಡರಸ್ತೆಯಿಂದ ಬರುವವರಿಗೆ ನೀವು ಕಾಣಬೇಕಾದರೆ ಸ್ವಂತ ದೀಪವೇ ಬೇಕು: ಮುಂದೆ ಬಿಳಿ, ಹಿಂದೆ ಕೆಂಪು. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿ ಓಡಿ.

ಹೊಸ ಕಾರುಗಳು ತಾವೇ ಬ್ರೇಕ್ ಹಾಕಿಕೊಳ್ಳುತ್ತವೆಂದು ಯಾರೂ ನೆಮ್ಮದಿಯಾಗಿ ಇರುವಂತಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ವ್ಯವಸ್ಥೆ ಒಟ್ಟಾರೆ ಅಪಘಾತಗಳನ್ನು ತಗ್ಗಿಸಿದರೂ ದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ಏನೂ ವ್ಯತ್ಯಾಸ ತಂದಿರಲಿಲ್ಲ. ಚಾಲಕರೇ, ಗಾಜಿನ ಮೇಲಿನ ಹಿಮವನ್ನು ಅಂಗೈಯಗಲ ಕೆರೆದು ಆ ಕಿಂಡಿಯಿಂದ ನೋಡುತ್ತಾ ಹೊರಡಬೇಡಿ. ಇಡೀ ಗಾಜು ಒರೆಸಿ, ಕಾರಿನ ದೀಪದ ಮೇಲಿನ ಕೊಳೆಯನ್ನೂ ಒರೆಸಿ.

ಮಾನ್ಯ ಅಧಿಕಾರಿಗಳೇ, ಈಗ ನಿಮ್ಮಲ್ಲಿ ಕೇಳುವ ಮಾತುಗಳು.

ಬೀದಿದೀಪದ ಬಗ್ಗೆ ದೂರು ಬಂದಾಗಲೆಲ್ಲ ಹೆಚ್ಚು ಪ್ರಖರವಾದ ದೀಪ ಹಾಕುವುದು ವಾಡಿಕೆಯಾಗಿದೆ. ನಮಗೆ ಬೇಕಿರುವುದು ಪ್ರಖರತೆಗಿಂತ ಸಮತೆ. ಕಂಬದ ಬುಡದಲ್ಲಿ 30 ಲಕ್ಸ್ (ನೆಲದ ಮೇಲೆ ಬೀಳುವ ಬೆಳಕಿನ ಅಳತೆ) ಸುರಿದು ಎರಡು ಕಂಬಗಳ ನಡುವೆ ಬೆಳಕೇ ಇಲ್ಲದಂತೆ ಬಿಟ್ಟರೆ, ಆ ಬೆಳಕಿಗೆ ಒಗ್ಗಿದ ಕಣ್ಣು ನಡುವಿನ ಕತ್ತಲಲ್ಲಿ ಏನನ್ನೂ ಕಾಣದು. ಯುರೋಪಿನ ಇಎನ್ 13201 ಮಾನದಂಡದಲ್ಲಿ ಪಾದಚಾರಿ ದಾರಿಗಳಿಗೆ ವರ್ಗಗಳಿವೆ. ಪಿ4 ವರ್ಗದಲ್ಲಿ ಸರಾಸರಿ 5 ಲಕ್ಸ್, ಅತಿ ಕಡಿಮೆಯೆಂದರೂ 1 ಲಕ್ಸ್ ಇರಬೇಕು. ಪಿ2ರಲ್ಲಿ 10 ಮತ್ತು 2. ಹುಣ್ಣಿಮೆಯ ಬೆಳದಿಂಗಳೇ 0.3 ಲಕ್ಸ್ ದಾಟುವುದು ಅಪರೂಪ. ಅಂದರೆ 5 ಲಕ್ಸ್ ದೊಡ್ಡ ಬೆಳಕೇನಲ್ಲ, ಸಮನಾಗಿ ಹರಡಿದರೆ ಅಷ್ಟೇ ಸಾಕು. ಇವನ್ನು ಅಳೆಯುವಾಗ ರಸ್ತೆಯ ಮಧ್ಯದಲ್ಲಿ ಅಳೆಯಬೇಡಿ, ಫುಟ್‌ಪಾತಿನ ಮೇಲೆ ನೆಲಮಟ್ಟದಲ್ಲಿ ಅಳೆಯಿರಿ. ಬೇಸಿಗೆಯಲ್ಲಿ ಬೆಳೆದ ಕೊಂಬೆ ದೀಪದ ಮುಂದೆ ಚಾಚಿಕೊಂಡಿದ್ದರೆ ಬಲ್ಬು ಬದಲಿಸಿ ಪ್ರಯೋಜನವಿಲ್ಲ, ಕೊಂಬೆ ಕಡಿಯಬೇಕು. ವಿದ್ಯುತ್ ಉಳಿಸಲು ರಾತ್ರಿ ಇಷ್ಟು ಗಂಟೆಯ ನಂತರ ದೀಪ ಮಂಕು ಮಾಡುವುದಾದರೆ ಮಾಡಿ, ನಮ್ಮ ತಕರಾರಿಲ್ಲ. ಒಂದು ಕಂಬ ಬಿಟ್ಟು ಒಂದು ಕಂಬ ಆರಿಸುವ ಪದ್ಧತಿ ಮಾತ್ರ ಬೇಡ. ಎಲ್ಲವನ್ನೂ ಅರ್ಧಕ್ಕೆ ಇಳಿಸಿದರೆ ಸಮತೆ ಉಳಿಯುತ್ತದೆ, ಒಂದು ಬಿಟ್ಟು ಒಂದು ಆರಿಸಿದರೆ ದಾರಿಯುದ್ದಕ್ಕೂ ಕತ್ತಲ ಗುಂಡಿಗಳೇ. ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಮಂಕಾಗುತ್ತದೆಂದು ಮೊದಲೇ ಪ್ರಕಟಿಸಿ, ಅದಕ್ಕೆ ಸರಿಯಾಗಿ ದಾರಿ ಆರಿಸಿಕೊಳ್ಳುತ್ತೇವೆ.

ಹಿಮ, ಮಂಜುಗಡ್ಡೆಯ ವಿಚಾರದಲ್ಲಿ ಮೊದಲು ಒಂದು ಕಾರಣ ಹೇಳಬೇಕು. ಹಿಮ ಸರಿಸುವ ಯಂತ್ರ ರಸ್ತೆಯನ್ನು ಸ್ವಚ್ಛ ಮಾಡಿ ಹಿಮವನ್ನು ಫುಟ್‌ಪಾತಿನ ಅಂಚಿಗೆ ದಿಬ್ಬವಾಗಿ ತಳ್ಳುತ್ತದೆ. ಹಗಲು ಬಿಸಿಲಿಗೆ ಆ ದಿಬ್ಬ ಕರಗುತ್ತದೆ. ಚರಂಡಿಯ ಬಾಯಿ ಅದೇ ದಿಬ್ಬದಡಿ ಮುಚ್ಚಿಹೋಗಿರುವುದರಿಂದ ನೀರು ಫುಟ್‌ಪಾತಿಗೆ ಅಡ್ಡಲಾಗಿ ಹರಿಯುತ್ತದೆ. ಸೂರ್ಯ ಮುಳುಗಿ ಎರಡು ಗಂಟೆಯಾಗುವಷ್ಟರಲ್ಲಿ, ಸರಿಯಾಗಿ ಓಟಗಾರರು ಹೊರಡುವ ಹೊತ್ತಿಗೆ, ಆ ನೀರು ಗಾಜಿನಂತೆ ಪಾರದರ್ಶಕವಾಗಿ ಹೆಪ್ಪುಗಟ್ಟಿರುತ್ತದೆ. ನೆಲದ ಬಣ್ಣವೇ ಕಾಣುವುದರಿಂದ ಕಣ್ಣಿಗೆ ಅದು ಬರೀ ಒದ್ದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಬೇಗ ತಣಿಯುತ್ತದೆ. ಗಾಳಿಯ ಉಷ್ಣಾಂಶ 2 ಡಿಗ್ರಿ ಎಂದು ಮುನ್ಸೂಚನೆ ಇದ್ದಾಗಲೂ ನೆಲ ಹೆಪ್ಪುಗಟ್ಟಿರಬಹುದು. ಸೇತುವೆಗಳಿಗೆ ಕೆಳಗಿನಿಂದಲೂ ಗಾಳಿ ತಗಲುವುದರಿಂದ ಅವು ಎಲ್ಲಕ್ಕಿಂತ ಮೊದಲು.

ಆದ್ದರಿಂದ ನಮ್ಮ ಕೋರಿಕೆ: ರಸ್ತೆಯ ಹಿಮ ಸರಿಸಿದ ಮೇಲೆ ಚರಂಡಿಯ ಬಾಯಿಗಳನ್ನು ಬಿಡಿಸಿ. ದಾಟುವ ಜಾಗಗಳಲ್ಲಿ ದಿಬ್ಬವನ್ನು ಒಡೆದು ದಾರಿ ಮಾಡಿ. ಸೇತುವೆಯ ಫುಟ್‌ಪಾತ್, ಇಳಿಜಾರು, ಮೆಟ್ಟಿಲು, ಸುರಂಗದ ಬಾಯಿ ಇವು ಪಟ್ಟಿಯಲ್ಲಿ ಮೊದಲು ಬರಲಿ. ಉಪ್ಪಿನ ದ್ರಾವಣವನ್ನು ಸಂಜೆ ಹೆಪ್ಪುಗಟ್ಟುವ ಮೊದಲೇ ಸಿಂಪಡಿಸಿದರೆ, ಗಡ್ಡೆಯಾದ ಮೇಲೆ ಕರಗಿಸಲು ಬೇಕಾಗುವುದಕ್ಕಿಂತ ಬಹಳ ಕಡಿಮೆ ಉಪ್ಪು ಸಾಕು. ಮೈನಸ್ 10ರ ಆಸುಪಾಸಿನಲ್ಲಿ ಅಡಿಗೆ ಉಪ್ಪು ಬಹುತೇಕ ಕೆಲಸ ನಿಲ್ಲಿಸುತ್ತದೆ, ಅಂಥ ರಾತ್ರಿಗಳಿಗೆ 2ರಿಂದ 6 ಮಿಲಿಮೀಟರಿನ ಮೊನಚು ಜಲ್ಲಿಪುಡಿ ಹಾಕಿಸಿ. ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಪಟ್ಟಣದಲ್ಲಿ ಕಾಲುದಾರಿಗಳನ್ನೂ ಶಿಶುವಿಹಾರಗಳ ಸುತ್ತಲಿನ ದಾರಿಗಳನ್ನೂ ಮುಖ್ಯರಸ್ತೆಗಿಂತ ಮೊದಲು ತೆರವು ಮಾಡುವ ಕ್ರಮ ತಂದರು. ಕಾರು ಕೆಲವು ಸೆಂಟಿಮೀಟರ್ ಹಿಮದಲ್ಲಿ ಸಾಗಬಲ್ಲದು, ಮನುಷ್ಯರ ಕಾಲಿಗೆ ಅದು ಕಷ್ಟ ಎಂಬುದೇ ಅದರ ಹಿಂದಿನ ಯೋಚನೆ. ಇದನ್ನು ಎಲ್ಲಿ ಬೇಕಾದರೂ ಮಾಡಬಹುದು.

ಓಟಗಾರರು ತಾವೂ ಹೆಜ್ಜೆ ಚಿಕ್ಕದು ಮಾಡಿ, ಪಾದ ಸೊಂಟದ ನೇರ ಕೆಳಗೆ ಬೀಳುವಂತೆ ಓಡಬೇಕು. ಹಿಮ್ಮಡಿ ಮುಂದೆ ಚಾಚಿದರೆ ಜಾರುವುದು ಖಚಿತ. ಶೂಗೆ ಸಿಕ್ಕಿಸುವ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳು ಗಡ್ಡೆಯ ಮೇಲೆ ಚೆನ್ನಾಗಿ ಕಚ್ಚುತ್ತವೆ. ಬರೀ ಕಾಂಕ್ರೀಟ್, ನುಣುಪು ಟೈಲ್ಸ್, ಲೋಹದ ಮುಚ್ಚಳದ ಮೇಲೆ ಅವೇ ಜಾರಿಸುತ್ತವೆ.

ಕೊನೆಗೆ ಒಂಟಿತನ. ಹೆಂಗಸರೊಬ್ಬರು ಕತ್ತಲಲ್ಲಿ ತಮ್ಮನ್ನು ಯಾರೋ ಹಿಂಬಾಲಿಸಿದರೆಂದು ದೂರು ಕೊಡಲು ಹೋದರೆ ‘ಒಬ್ಬರೇ ಯಾಕೆ ಹೋಗಿದ್ದಿರಿ’ ಎಂಬ ಪ್ರಶ್ನೆ ಮೊದಲು ಬರಬಾರದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಂಬದ ಹತ್ತಿರ ಎಂಬುದನ್ನು ಬರೆದುಕೊಳ್ಳಿ. ಒಂದೇ ಕಂಬದ ಹೆಸರು ಮೂರು ಸಲ ಬಂದರೆ ಅಲ್ಲಿ ಏನೋ ಸರಿಯಿಲ್ಲ: ಒಂದೋ ದೀಪ ಕೆಟ್ಟಿದೆ, ಇಲ್ಲವೇ ಪೊದೆ ಬೆಳೆದಿದೆ, ಅಥವಾ ಹಾದಿಗೆ ಮಧ್ಯದಲ್ಲಿ ಹೊರಬರುವ ಬಾಗಿಲೇ ಇಲ್ಲ. ದಾರಿ ಬದಿಯ ಪೊದೆ ಒಂದು ಮೀಟರಿಗಿಂತ ತಗ್ಗಿರಲಿ, ಮರದ ಕೆಳಕೊಂಬೆಗಳು ಎರಡು ಮೀಟರಿಗಿಂತ ಮೇಲಿರಲಿ, ನಡುವಿನ ಜಾಗದಲ್ಲಿ ನೋಟ ಆಚೆಗೆ ಹಾಯಬೇಕು. ಉದ್ಯಾನದ ಬಾಗಿಲು ಮುಚ್ಚುವ ಸಮಯ ದೂರದ ಬಾಗಿಲಲ್ಲೂ ಬರೆದಿರಲಿ, ಒಳಗೆ ಸಿಕ್ಕಿಹಾಕಿಕೊಂಡವರು ಬೇಲಿ ಹತ್ತುವಂತಾಗಬಾರದು. ಎಲ್ಲಕ್ಕಿಂತ ಅಗ್ಗದ ಕೆಲಸವೆಂದರೆ ಪ್ರತಿ ಕಂಬಕ್ಕೂ ಎದೆಯೆತ್ತರದಲ್ಲಿ ದೊಡ್ಡದಾಗಿ ಸಂಖ್ಯೆ ಬರೆಸುವುದು, ಆ ಪಟ್ಟಿಯನ್ನು ಆಂಬುಲೆನ್ಸ್‌ನವರಿಗೂ ಪೊಲೀಸರಿಗೂ ಕೊಡುವುದು. ಕಾಲು ಮುರಿದುಕೊಂಡು ಕೂತವರು ‘ಕಾಲುವೆ ಪಕ್ಕದಲ್ಲೆಲ್ಲೋ ಇದ್ದೇನೆ’ ಎನ್ನುವುದಕ್ಕೂ ‘47ನೇ ಕಂಬದ ಹತ್ತಿರ ಇದ್ದೇನೆ’ ಎನ್ನುವುದಕ್ಕೂ ನಡುವೆ ಅರ್ಧ ಗಂಟೆಯ ವ್ಯತ್ಯಾಸವಿರಬಹುದು. 100 ವಾಟ್ ಶಾಖದಲ್ಲಿ, ಒದ್ದೆ ಅಂಗಿಯಲ್ಲಿ, ಆ ಅರ್ಧ ಗಂಟೆ ಬಹಳ ದೊಡ್ಡದು.

ಒಬ್ಬರೇ ಹೊರಡುವವರು ಮನೆಯವರಿಗೋ ಗೆಳೆಯರಿಗೋ ದಾರಿ ಮತ್ತು ಮರಳುವ ಸಮಯ ಎರಡನ್ನೂ ಹೇಳಿ. ಜೊತೆಗೆ ಮೂರನೆಯದನ್ನೂ ಹೇಳಿ: ಎಷ್ಟು ಹೊತ್ತಾದರೆ ಏನು ಮಾಡಬೇಕು. ‘8 ಗಂಟೆಗೆ ಬರುತ್ತೇನೆ, 8:15ಕ್ಕೆ ಫೋನ್ ಮಾಡು, ಎತ್ತದಿದ್ದರೆ 8:30ಕ್ಕೆ ಈ ದಾರಿಯಲ್ಲಿ ಹುಡುಕು’ ಎಂಬಷ್ಟು ಖಚಿತವಾಗಿ. ಫೋನಿನ ಲಾಕ್ ಪರದೆಯಲ್ಲಿ ತುರ್ತು ಸಂಪರ್ಕ, ರಕ್ತದ ಗುಂಪು, ಅಲರ್ಜಿ ಕಾಣುವಂತಿರಲಿ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಆದ್ದರಿಂದ ಬದಿಯ ಗುಂಡಿ ಒತ್ತಿ ತುರ್ತು ಕರೆ ಮಾಡುವ ವಿಧಾನವನ್ನು ಗ್ಲೌಸು ತೊಟ್ಟುಕೊಂಡೇ ಮನೆಯಲ್ಲೊಮ್ಮೆ ಅಭ್ಯಾಸ ಮಾಡಿ, ಕರೆ ಹೋಗುವ ಮುನ್ನ ರದ್ದು ಮಾಡುವುದನ್ನೂ ಕಲಿಯಿರಿ. ಓಟದ ಆ್ಯಪ್‌ನಲ್ಲಿ ಮನೆಯ ಸುತ್ತಲಿನ ಜಾಗ ಮರೆಮಾಡಿ, ಓಟ ಮುಗಿದ ಮೇಲಷ್ಟೇ ದಾರಿ ಹಂಚಿಕೊಳ್ಳಿ. ಮನೆಗೆ ಬಂದ ಮೇಲೆ ಮೆಟ್ಟಿಲಲ್ಲಿ ಕೂತು ಫೋನ್ ನೋಡುತ್ತಾ ತಣಿಯಬೇಡಿ. ಹತ್ತು ನಿಮಿಷದೊಳಗೆ ಒದ್ದೆ ಬಟ್ಟೆ ಕಳಚಿ, ಒಣಬಟ್ಟೆ ತೊಡಿ.

ಮಾನ್ಯ ಅಧಿಕಾರಿಗಳೇ, ಯಾವ ಕಂಬದ ದೀಪ ಆರಿದೆ, ಎಲ್ಲಿ ನೀರು ಹರಿದು ಗಟ್ಟಿಯಾಗುತ್ತದೆ, ಎಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂಬುದನ್ನು ನಿಮ್ಮ ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಬಲ್ಲವರು ರಾತ್ರಿ ಅಲ್ಲಿ ಓಡುವವರು. ಅವರಿಂದ ಪಟ್ಟಿ ತರಿಸಿಕೊಳ್ಳಿ. ಆಮೇಲೆ ಒಂದು ರಾತ್ರಿ, ದೀಪ ಮಂಕಾದ ಹೊತ್ತಿನಲ್ಲಿ, ಲಕ್ಸ್ ಮೀಟರ್ ಹಿಡಿದು ಕಾರಿಲ್ಲದೆ ಬನ್ನಿ. ಪಟ್ಟಿಯಲ್ಲಿರುವ ಪ್ರತಿ ಜಾಗದಲ್ಲೂ ಹತ್ತು ನಿಮಿಷ ಅಲುಗಾಡದೆ ನಿಲ್ಲಿ, ಅಲ್ಲಿಂದ ಒಂದು ಫೋನ್ ಮಾಡಿ, ನೀವು ಎಲ್ಲಿದ್ದೀರೆಂದು ಆ ಕಡೆಯವರಿಗೆ ವಿವರಿಸಲು ನೋಡಿ. ಮುಂದಿನ ಚಳಿಗಾಲದ ಮೊದಲ ಹೆಪ್ಪುಗಟ್ಟುವ ರಾತ್ರಿಗೆ ಮುನ್ನ ಈ ಕೆಲಸ ಆಗಬೇಕೆಂಬುದು ನಮ್ಮ ಕೋರಿಕೆ.

ಇಂತಿ,
ಚಳಿಗಾಲದ ರಾತ್ರಿ ಓಡುವವರು